ಮೀನುಮರಿಗಳ ಜೀವಂತ ಸಾಗಾಣಿಕೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಸಾಕಣೆಗೆಂದು ಹುಟ್ಟಿಸಿದ ಎಳೆಯ ಮೀನುಗಳನ್ನು ಮರಿ ಉತ್ಪಾದನಾ ಕೇಂದ್ರದಿಂದ ಕೆರೆ, ಕೊಳ, ಜಲಾಶಯಗಳಿಗೆ ಸಾಯದಂತೆ ಒಯ್ಯುವ ಕೆಲಸವನ್ನು ಮೀನುಮರಿ ಸಾಗಾಣಿಕೆ ಎನ್ನುತ್ತಾರೆ. ಒಳನಾಡು ಮೀನುಗಾರಿಕೆ ಈ ಕೆಲಸವನ್ನೇ ನೆಚ್ಚಿಕೊಂಡಿದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳು ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಪ್ರತಿ ವರ್ಷವೂ ಹೊರಗಿನಿಂದ ಮರಿ ತಂದು ಬಿಡಬೇಕು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಈ ಕೆಲಸದ ಕಥೆ ಮಣ್ಣಿನ ಮಡಕೆಯಿಂದ ಆಮ್ಲಜನಕ ತುಂಬಿದ ಪಾಲಿಥಿನ್ ಚೀಲದವರೆಗೆ ಸಾಗುತ್ತದೆ. ಪಾತ್ರೆಗಳು ಬದಲಾದದ್ದು ಈ ಇತಿಹಾಸದ ಒಂದು ಭಾಗ ಮಾತ್ರ. ಪಾತ್ರೆಗೆ ತುಂಬುವ ಮೊದಲು ಮತ್ತು ಕೆರೆಗೆ ಬಿಡುವಾಗ ಮರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ಬೆಳೆದದ್ದು ಅದಕ್ಕಿಂತ ದೊಡ್ಡ ಭಾಗ.

ಸೀಮೆಯ ನೀರು

ಮೂರು ತಾಲ್ಲೂಕುಗಳಿಗೂ ಉತ್ತರ ಮತ್ತು ಪೂರ್ವದ ಕಡೆ ಕಾವೇರಿಯೇ ಆಸರೆ. ಸುವರ್ಣಾವತಿ (ಹೊನ್ನುಹೊಳೆ) ಯಳಂದೂರನ್ನು ಹಾದು ಕೊಳ್ಳೇಗಾಲದ ಬಳಿ ಕಾವೇರಿಯನ್ನು ಸೇರುತ್ತದೆ. ಕಬಿನಿ ನಾಲೆಯ ನೀರು ಯಳಂದೂರು ಮತ್ತು ಕೊಳ್ಳೇಗಾಲದ ಬಯಲಿಗೆ ಬರುತ್ತದೆ. ಹನೂರಿನ ಕಡೆ ಹೋದಂತೆ ನೆಲ ಏರಿ ಒಣಗುತ್ತದೆ. ಅಲ್ಲಿ ಗುಂಡಾಲ್, ಉಡುತೊರೆಹಳ್ಳದಂಥ ಜಲಾಶಯಗಳೂ ಊರ ಕೆರೆಕಟ್ಟೆಗಳೂ ಮಳೆಯನ್ನೇ ನಂಬಿಕೊಂಡಿವೆ.

ಈ ಭಾಗದಲ್ಲಿ ಮೇ ತಿಂಗಳಲ್ಲಿ ಒಂದಷ್ಟು ಮಳೆಯಾಗುತ್ತದೆ, ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಗೆಂಡೆ ಮೀನುಗಳು ಮರಿ ಮಾಡುವ ಹಂಗಾಮು ಮುಖ್ಯವಾಗಿ ಜೂನ್‌ನಿಂದ ಆಗಸ್ಟ್. ಹೀಗಾಗಿ ಮರಿ ಕೈಗೆ ಬರುವ ಹೊತ್ತಿಗೆ ಮಳೆಯಾಶ್ರಿತ ಕೆರೆಗಳಲ್ಲಿ ಸಾಕಷ್ಟು ನೀರಿರುವುದಿಲ್ಲ, ಕೆರೆ ತುಂಬುವ ಹೊತ್ತಿಗೆ ಮರಿ ಬೆಳೆದಿರುತ್ತದೆ. ಬೆಳೆದ ಮರಿಯನ್ನು ಸಾಗಿಸುವುದು ಎಳೆಯ ಮರಿಯನ್ನು ಸಾಗಿಸುವುದಕ್ಕಿಂತ ಕಷ್ಟ. ಕೊಳ್ಳೇಗಾಲಕ್ಕೆ ರೈಲು ಮಾರ್ಗವೂ ಇಲ್ಲ. ಮೈಸೂರಿನಿಂದ ಚಾಮರಾಜನಗರಕ್ಕೆ ರೈಲು ಬಂದರೂ ಅದು ಕೊಳ್ಳೇಗಾಲವನ್ನು ಮುಟ್ಟಲಿಲ್ಲ. ಆದ್ದರಿಂದ ಇಲ್ಲಿಗೆ ಬರುವ ಮರಿ ರಸ್ತೆಯಲ್ಲೇ ಬರಬೇಕು, ಬಿಸಿಲನ್ನೂ ಕುಲುಕಾಟವನ್ನೂ ತಾಳಬೇಕು.

ಮರಿ ಸಾಯುವುದಕ್ಕೆ ಕಾರಣಗಳು

ಗಾಳಿಯೊಡನೆ ಸಮತೋಲದಲ್ಲಿರುವ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಅದೇ 10 ಡಿಗ್ರಿ ಏರಿಕೆಗೆ ಮೀನಿನ ಉಸಿರಾಟದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನೀರು ಬಿಸಿಯಾದರೆ ಆಮ್ಲಜನಕದ ದಾಸ್ತಾನು ಕುಗ್ಗುತ್ತದೆ, ಖರ್ಚು ಏರುತ್ತದೆ. ಮಧ್ಯಾಹ್ನದ ಪ್ರಯಾಣ ಮರಿಗಳಿಗೆ ಮಾರಕವಾಗುವುದಕ್ಕೆ ಇದೇ ಮೂಲ ಕಾರಣ.

ಎರಡನೆಯ ಕಾರಣ ಮೀನಿನ ಸ್ವಂತ ವಿಸರ್ಜನೆ. ಉಸಿರಿನಿಂದ ಇಂಗಾಲದ ಡೈಆಕ್ಸೈಡ್, ಕಿವಿರಿನಿಂದ ಅಮೋನಿಯಾ, ಹೊಟ್ಟೆಯಿಂದ ಮಲ ನೀರಿಗೆ ಸೇರುತ್ತಲೇ ಇರುತ್ತವೆ. ಮಲ ಕೊಳೆಯಲು ಬ್ಯಾಕ್ಟೀರಿಯಾ ಮತ್ತಷ್ಟು ಆಮ್ಲಜನಕ ಬಳಸುತ್ತವೆ. ಮೂರನೆಯದು ಗಾಯ ಮತ್ತು ಗಾಬರಿ. ಬಲೆಗೆ ಉಜ್ಜಿಕೊಂಡು ಲೋಳೆಯನ್ನೂ ಹುರುಪೆಯನ್ನೂ ಕಳೆದುಕೊಂಡ ಮರಿ ಆ ಗಳಿಗೆಯಲ್ಲಿ ಬದುಕಿರಬಹುದು, ಆದರೆ ಬೂಷ್ಟು ಹತ್ತಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ನಾಲ್ಕನೆಯದು ನೀರಿನಿಂದ ನೀರಿಗೆ ಹೋಗುವಾಗಿನ ಹಠಾತ್ ಬದಲಾವಣೆ. ಈ ನಾಲ್ಕನ್ನೂ ಒಂದೊಂದಾಗಿ ಹತೋಟಿಯಲ್ಲಿಡಲು ಕಲಿತದ್ದೇ ಈ ವಿದ್ಯೆಯ ಇತಿಹಾಸ.

ಮಡಕೆಯ ಕಾಲ

ಮರಿ ಸಾಗಿಸುವ ಹಳೆಯ ವೃತ್ತಿಪರಂಪರೆ ಏಷ್ಯಾದಲ್ಲಿ ಎರಡು ಕಡೆ ಬಲವಾಗಿ ಬೆಳೆಯಿತು. ಚೀನಾದಲ್ಲಿ ಎಣ್ಣೆಕಾಗದ ಮೆತ್ತಿದ ಬಿದಿರು ಬುಟ್ಟಿಗಳಲ್ಲಿ ಮರಿಗಳನ್ನು ಅಡ್ಡೆಯ ಮೇಲೆ ಹೊತ್ತು ನಡೆಯುತ್ತಿದ್ದರು, ನಡಿಗೆಯ ತೂಗಾಟಕ್ಕೇ ನೀರು ಕಲಕಿ ಗಾಳಿ ಬೆರೆಯುತ್ತಿತ್ತು. ಬಂಗಾಳದಲ್ಲಿ ಮಳೆಗಾಲದ ಗಂಗಾ ನದಿಯಿಂದ ಹಿಡಿದ ಮೊಟ್ಟೆಮರಿಗಳನ್ನು ‘ಹಂಡಿ’ ಎಂಬ ಮಣ್ಣಿನ ಮಡಕೆಗಳಲ್ಲಿ ತುಂಬಿ ರೈಲಿನಲ್ಲಿ ದೂರದೂರಿಗೆ ಕಳಿಸುತ್ತಿದ್ದರು. ಜೊತೆಗೆ ಹೋದವರು ದಾರಿಯುದ್ದಕ್ಕೂ ನೀರನ್ನು ಕೈಯಿಂದ ಕಲಕುತ್ತಿದ್ದರು, ಆಗಾಗ ನೀರು ಬದಲಿಸುತ್ತಿದ್ದರು. ಮಡಕೆಯ ನೀರಿಗೆ ಪುಡಿ ಮಾಡಿದ ಕೆಂಪು ಮಣ್ಣು ಬೆರೆಸುವ ವಾಡಿಕೆಯೂ ಇತ್ತು. ಮಣ್ಣಿನ ಕಣಗಳು ಕೊಳೆಯುವ ಪದಾರ್ಥವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ ಎಂದು ಇದಕ್ಕೆ ನಂತರದ ವಿಜ್ಞಾನಿಗಳು ವಿವರಣೆ ಕೊಟ್ಟರು.

ಮಣ್ಣಿನ ಪಾತ್ರೆಯನ್ನು ಹಿಂದುಳಿದವರ ಉಪಾಯವೆಂದು ತಳ್ಳಿಹಾಕುವುದು ತಪ್ಪು. ಮೈಯಿಂದ ನೀರು ಒಸರಿ ಆವಿಯಾಗುವುದರಿಂದ ಮಡಕೆ ಒಳಗಿನ ನೀರನ್ನು ತಂಪಾಗಿಡುತ್ತದೆ, ಅಂದರೆ ಮರಿಯ ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುತ್ತದೆ. ಮಡಕೆಯ ದೌರ್ಬಲ್ಯ ಅದರ ತೂಕ, ಒಡೆಯುವ ಭಯ ಮತ್ತು ಸದಾ ಒಬ್ಬರು ಎಚ್ಚರವಾಗಿ ಕೂರಬೇಕಾದ ಅಗತ್ಯ. ಕೆಟ್ಟ ರಸ್ತೆಯಲ್ಲಿ ಮಡಕೆ ಹೆಚ್ಚು ದೂರ ಹೋಗಲಾರದು.

ಈ ಮಿತಿಯೊಳಗೆ ಸುಲಭವಾಗಿ ಸಾಗುತ್ತಿದ್ದವು ಗಾಳಿಯನ್ನು ನೇರವಾಗಿ ಗುಟುಕರಿಸಬಲ್ಲ ಮೀನುಗಳು. ಕೊರವ, ಮುರುಗೋಡು, ಚೇಳುಮೀನುಗಳಿಗೆ ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವಿದೆ, ತುಸು ನೀರಿನ ಪಾತ್ರೆಯಲ್ಲೂ ಅವು ಗಂಟೆಗಟ್ಟಲೆ ಬದುಕುತ್ತವೆ. ಗೆಂಡೆಗಳಿಗೆ ಆ ಸೌಲಭ್ಯವಿಲ್ಲ. ಕೆರೆಯಲ್ಲಿ ಬೇಗ ಕೊಬ್ಬಿ ಲಾಭ ಕೊಡುವ ಮೀನೇ ದಾರಿಯಲ್ಲಿ ಬೇಗ ಸಾಯುವ ಮೀನೂ ಆದದ್ದು ಮೀನು ಸಾಕಣೆಯ ಮುಂದಿದ್ದ ದೊಡ್ಡ ತೊಡಕು.

ಎರಡು ಆಡಳಿತಗಳ ನಡುವೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. ಈಗಿನ ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಎರಡೂ ಕಡೆ ಮೀನನ್ನು ಊರಿಂದೂರಿಗೆ ಒಯ್ಯುವ ಪ್ರಯತ್ನಗಳು ನಡೆದವು.

ಮದ್ರಾಸಿನ ಕಡೆ ಮೊದಲ ಪ್ರಯತ್ನಗಳು ನೆರೆಯ ನೀಲಗಿರಿಯ ಸುತ್ತ ನಡೆದವು. ಮೀನುಗಳ ಅಧ್ಯಯನಕ್ಕೆ ಹೆಸರಾದ ಫ್ರಾನ್ಸಿಸ್ ಡೇ 1863ರಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ಮೀನಿನ ಮೊಟ್ಟೆಗಳನ್ನು ನೀಲಗಿರಿಗೆ ತರಿಸಲು ಯತ್ನಿಸಿ ವಿಫಲರಾದರು. ಮರುವರ್ಷ, 1864ರಲ್ಲಿ, ಜೇಮ್ಸ್ ಯೂಲ್ ಪಾಚಿ ಹಾಸಿದ ಪೆಟ್ಟಿಗೆಗಳಲ್ಲಿ ಮೊಟ್ಟೆಗಳನ್ನಿಟ್ಟು, ಹಡಗಿನ ಮಂಜುಗಡ್ಡೆಯ ಕೋಣೆಯಲ್ಲಿ ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಜೀವಂತ ತಲುಪಿಸಿದರು. ತಂಪು ಜೀವದ ವೇಗವನ್ನೇ ತಗ್ಗಿಸಿ ಪ್ರಯಾಣಕ್ಕೆ ಕಾಲಾವಕಾಶ ಕೊಡುತ್ತದೆ ಎಂಬ ಪಾಠ ಅಲ್ಲಿ ಸಿಕ್ಕಿತು. ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು 20ನೇ ಶತಮಾನದ ಆರಂಭದಲ್ಲಿ, ಎಚ್. ಸಿ. ವಿಲ್ಸನ್ ಅವರ ಕಾಲಕ್ಕೆ.

ಕೊಳ್ಳೇಗಾಲದ ಮಟ್ಟಿಗೆ ಹೆಚ್ಚು ಮಹತ್ವದ್ದು ಕಾಟ್ಲಾ. ಗೋದಾವರಿಯಿಂದ ಉತ್ತರದ ನದಿಗಳ ಮೀನಾದ ಅದನ್ನು ಮದ್ರಾಸ್ ಮೀನುಗಾರಿಕೆ ಇಲಾಖೆ 1920ರ ದಶಕದಲ್ಲಿ ಕಾವೇರಿಗೆ ತಂದಿತು. 1934ರಲ್ಲಿ ಮೆಟ್ಟೂರಿನ ಸ್ಟ್ಯಾನ್ಲಿ ಜಲಾಶಯ ಸಿದ್ಧವಾದ ಮೇಲೆ ಆ ಮೀನು ಅಲ್ಲಿ ಚೆನ್ನಾಗಿ ಬೆಳೆಯಿತು. ಆ ಜಲಾಶಯದ ಮೇಲ್ಭಾಗ ಇಂದಿನ ಹನೂರು ತಾಲ್ಲೂಕಿನ ಗಡಿಯಾದ ಪಾಲಾರ್ ಕಡೆಗೆ ಚಾಚಿಕೊಂಡಿದೆ. ಕಾವೇರಿಯಲ್ಲಿ ಇಂದು ಸಿಗುವ ಕಾಟ್ಲಾ ಹೊತ್ತು ತಂದ ಮೀನಿನ ಸಂತತಿ ಎಂಬುದನ್ನು ಮರೆಯುವಂತಿಲ್ಲ.

ಮೈಸೂರು ಸಂಸ್ಥಾನದಲ್ಲಿ ಬಿ. ಎಸ್. ಭೀಮಾಚಾರ್, ಎ. ಡೇವಿಡ್ ಮತ್ತು ಬಿ. ಮುನಿಯಪ್ಪ 1944ರಲ್ಲಿ ಗೌರಾಮಿ ಮೀನು ಇಲ್ಲಿನ ನೀರಿಗೆ ಒಗ್ಗಿಕೊಂಡ ಬಗೆಯನ್ನೂ ಅದರ ಗೂಡು ಮತ್ತು ಮರಿಗಳ ಬೆಳವಣಿಗೆಯನ್ನೂ ವಿವರಿಸಿ ಪ್ರಬಂಧ ಪ್ರಕಟಿಸಿದರು. ಗೌರಾಮಿಯೂ ಗಾಳಿ ಗುಟುಕರಿಸುವ ಮೀನು, ಹಾಗಾಗಿ ದೂರದ ಪ್ರಯಾಣವನ್ನು ತಾಳಬಲ್ಲದು. ಭೀಮಾಚಾರ್ ಮುಂದೆ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

1957ರ ತಿರುವು

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಮರಿ ಬೇಕೆಂದರೆ ಪ್ರವಾಹದ ನದಿಯನ್ನೇ ಕಾಯಬೇಕಿತ್ತು. ಈಗ ಎಲ್ಲಿ ಬೇಕೋ ಅಲ್ಲಿ ಮರಿ ಉತ್ಪಾದನಾ ಕೇಂದ್ರ ತೆರೆಯಬಹುದಾಯಿತು. ಅದೇ ಹೊತ್ತಿನಲ್ಲಿ ಕೊಳ್ಳೇಗಾಲ ಹೊಸ ಮೈಸೂರು ರಾಜ್ಯಕ್ಕೆ ಸೇರಿತ್ತು. ಬ್ಯಾಂಕಾಕ್ ತಳಿಯ ಸಾಮಾನ್ಯ ಗೆಂಡೆ ಭಾರತಕ್ಕೆ ಬಂದದ್ದೂ 1957ರಲ್ಲೇ. ಅದು ಕೆರೆಯಲ್ಲೇ ನೀರುಗಿಡಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡುವುದರಿಂದ ಸಾಗಾಣಿಕೆಯ ಭಾರವನ್ನು ಒಂದಿಷ್ಟು ತಗ್ಗಿಸಿತು. ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆ 1959ರಲ್ಲಿ ಬಂದವು.

ಕರ್ನಾಟಕದಲ್ಲಿ ದೊಡ್ಡ ಮರಿ ಉತ್ಪಾದನಾ ಕೇಂದ್ರಗಳು ಅಣೆಕಟ್ಟುಗಳ ಕೆಳಗೆ ತಲೆಯೆತ್ತಿದವು. ತುಂಗಭದ್ರಾ, ಭದ್ರಾ ಮತ್ತು ಕಬಿನಿ ಅಣೆಕಟ್ಟುಗಳ ಕೇಂದ್ರಗಳು ಇವುಗಳಲ್ಲಿ ಮುಖ್ಯವಾದವು. ಭದ್ರಾ ಅಣೆಕಟ್ಟಿನಿಂದ ಕೊಳ್ಳೇಗಾಲಕ್ಕೆ ಮುನ್ನೂರು ಕಿಲೋಮೀಟರ್ ಆಸುಪಾಸು, ಕಬಿನಿ ಅಣೆಕಟ್ಟಿನ ಬೀಚನಹಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸು. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡದ್ದು ಈ ಸೀಮೆಗೆ ನಾಲೆಯ ನೀರನ್ನು ಕೊಟ್ಟಂತೆಯೇ ಮರಿಯ ದಾರಿಯನ್ನೂ ಗಿಡ್ಡ ಮಾಡಿತು.

ಆಮ್ಲಜನಕದ ಚೀಲ

1950ರ ದಶಕದಲ್ಲಿ ಭಾರತದಲ್ಲಿ ಮರಿಗಳನ್ನು ಆಮ್ಲಜನಕದಡಿ ಮುಚ್ಚಿ ಸಾಗಿಸುವ ಪ್ರಯೋಗಗಳು ನಡೆದು, ಪಾಲಿಥಿನ್ ಚೀಲವನ್ನು ಸೀಮೆಎಣ್ಣೆ ಡಬ್ಬದೊಳಗೆ ಇಳಿಸುವ ಪದ್ಧತಿ ಬಳಕೆಗೆ ಬಂತು. ಸುಮಾರು 18 ಲೀಟರ್ ಹಿಡಿಸುವ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಮಿಕ್ಕದ್ದು ಆಮ್ಲಜನಕ. ಡಬ್ಬದ ಜಾಗಕ್ಕೆ ಮುಂದೆ ರಟ್ಟಿನ ಪೆಟ್ಟಿಗೆ ಬಂದರೂ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಚೀಲ ತುಂಬುವ ಕ್ರಮ ಹೀಗಿದೆ. ಚೀಲವನ್ನು ಮೊದಲು ನೀರು ಹಾಕಿ ತೂತಿದೆಯೇ ಎಂದು ನೋಡುತ್ತಾರೆ. ಆರು ಲೀಟರಿನಷ್ಟು ತಿಳಿನೀರು ಹಾಕಿ, ಅಳತೆಯ ಜರಡಿ ಬಟ್ಟಲಿನಿಂದ ಮರಿಗಳನ್ನು ಇಳಿಬಿಡುತ್ತಾರೆ. ಚೀಲದ ಬಾಯನ್ನು ಹಿಂಡಿ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ, ಸಿಲಿಂಡರಿನ ನಳಿಗೆಯನ್ನು ನೀರಿನ ತಳದವರೆಗೆ ಇಳಿಸಿ ಆಮ್ಲಜನಕ ಬಿಡುತ್ತಾರೆ. ಚೀಲ ಉಬ್ಬಿ ಬಿಗಿಯಾದೊಡನೆ ನಳಿಗೆ ಎಳೆದು, ಬಾಯಿ ತಿರುಚಿ ಮಡಿಚಿ ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯುತ್ತಾರೆ. ಗಾಳಿ ಹೊರಹಾಕುವ ಹಂತವನ್ನು ಬಿಟ್ಟರೆ ಇಡೀ ಕೆಲಸ ಅರ್ಧ ವ್ಯರ್ಥ, ಏಕೆಂದರೆ ಗಾಳಿಯಲ್ಲಿ ಆಮ್ಲಜನಕವಿರುವುದು ಐದರಲ್ಲಿ ಒಂದು ಪಾಲು ಮಾತ್ರ.

ಈ ಚೀಲದ ಶಕ್ತಿ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಒಂದು ಲೀಟರ್ ಆಮ್ಲಜನಕ ಸುಮಾರು 1.3 ಗ್ರಾಂ ತೂಗುತ್ತದೆ. ಒಂದು ಲೀಟರ್ ನೀರಿನಲ್ಲಿ ಸಹಜವಾಗಿ ಕರಗಿರುವುದು ಸುಮಾರು 8 ಮಿಲಿಗ್ರಾಂ. ಅಂದರೆ ನೀರಿನ ಮೇಲಿನ ಒಂದು ಲೀಟರ್ ಜಾಗದಲ್ಲಿ ನೂರೈವತ್ತು ಲೀಟರಿಗೂ ಹೆಚ್ಚಿನ ನೀರಿನ ಆಮ್ಲಜನಕವಿರುತ್ತದೆ. ಹನ್ನೆರಡು ಲೀಟರ್ ಆಮ್ಲಜನಕ ಒಂದು ಹಗಲಿನ ಪ್ರಯಾಣಕ್ಕೆ ಧಾರಾಳ. ಹಾಗಿದ್ದೂ ಚೀಲದಲ್ಲಿ ಮರಿ ಸತ್ತರೆ ಅದಕ್ಕೆ ಆಮ್ಲಜನಕದ ಕೊರತೆಗಿಂತ ಇಂಗಾಲದ ಡೈಆಕ್ಸೈಡ್, ಅಮೋನಿಯಾ ಅಥವಾ ಬಿಸಿಯೇ ಕಾರಣವಾಗಿರುವುದು ಹೆಚ್ಚು. ಮಡಕೆಯ ಕಾಲದ ಸಮಸ್ಯೆಯನ್ನು ಚೀಲ ಬಗೆಹರಿಸಿ, ಅದರ ಹಿಂದೆ ಮರೆಯಾಗಿದ್ದ ಸಮಸ್ಯೆಯನ್ನು ಮುಂದೆ ತಂದಿತು.

ಸಂಖ್ಯೆ ಮತ್ತು ಗಾತ್ರ

ಅಂಥ ಒಂದು ಚೀಲದಲ್ಲಿ ಹನ್ನೆರಡು ಗಂಟೆಯ ಪ್ರಯಾಣಕ್ಕೆ ಸರಾಸರಿ 2 ಸೆಂಟಿಮೀಟರಿನ 1000 ಮರಿ, 4 ಸೆಂಟಿಮೀಟರಿನ 300, 6 ಸೆಂಟಿಮೀಟರಿನ 100, 8 ಸೆಂಟಿಮೀಟರಿನ 40 ಮರಿ ಹಿಡಿಸುತ್ತವೆ ಎಂದು ಮೀನುಗಾರಿಕೆಯ ಕೈಪಿಡಿಗಳಲ್ಲಿ ಲೆಕ್ಕವಿದೆ. 10 ಹೆಕ್ಟೇರಿನ ಕೆರೆಗೆ ಹೆಕ್ಟೇರಿಗೆ 2000ದಂತೆ 20,000 ಮರಿ ಬಿಡಬೇಕೆಂದುಕೊಂಡರೆ, 2 ಸೆಂಟಿಮೀಟರಿನ ಮರಿಗೆ 20 ಚೀಲ ಸಾಕು, 6 ಸೆಂಟಿಮೀಟರಿನ ಮರಿಗೆ 200 ಚೀಲ ಬೇಕು. ಗುತ್ತಿಗೆದಾರರೂ ಸಹಕಾರ ಸಂಘಗಳೂ ಸಣ್ಣ ಮರಿಗೆ ಮನಸೋಲುವುದು ಸಹಜವೇ. ಆದರೆ ಕೊರವ, ಬಾಳೆಮೀನುಗಳಿರುವ ಹಳೆಯ ಕೆರೆಯಲ್ಲಿ ಸಣ್ಣ ಮರಿ ಅವುಗಳ ಆಹಾರವಾಗುತ್ತದೆ. ಸೆಪ್ಟೆಂಬರ್ ನಂತರ ತುಂಬಿ ಬೇಸಿಗೆಗೆ ಒಣಗುವ ಹನೂರಿನ ಕಟ್ಟೆಗಳಲ್ಲಿ ಸಣ್ಣ ಮರಿ ಮಾರಾಟದ ಗಾತ್ರಕ್ಕೆ ಬೆಳೆಯಲು ಕಾಲವೂ ಸಾಲದು. ಸಾಗಿಸಲು ಅಗ್ಗವಾದ ಮರಿ ಕೆರೆಯಲ್ಲಿ ದುಬಾರಿಯಾಗುತ್ತದೆ.

ದೊಡ್ಡ ಮರಿಗಳಿಗೂ ತಾಯಿಮೀನುಗಳಿಗೂ ಚೀಲಕ್ಕಿಂತ ತೊಟ್ಟಿ ಒಗ್ಗುತ್ತದೆ. ಟಿ. ಎ. ಮಮ್ಮೆನ್ 1962ರಲ್ಲಿ ನೀರು ಚಿಮ್ಮದಂಥ ತೊಟ್ಟಿಯೊಂದನ್ನು ರೂಪಿಸಿದರು, ಮೀನಿಗೆ ಪೆಟ್ಟಾಗದಂತೆ ಅದರ ಒಳಮೈಗೆ ಫೋಮ್ ಹೊದಿಸಲಾಗಿತ್ತು. 1968ರಲ್ಲಿ ಪಾತ್ರೊ ಎಂಬುವರು ಗೋಬರ್ ಗ್ಯಾಸ್ ಘಟಕದ ಮಾದರಿಯಲ್ಲಿ, ಒಂದರೊಳಗೊಂದು ಕೂರುವ ಎರಡು ಪೀಪಾಯಿಗಳ ಸಾಧನವನ್ನು ಮಾಡಿದರು. ಇಂದು ಮಿನಿ ಲಾರಿಯ ಮೇಲೆ ತೊಟ್ಟಿಯಿಟ್ಟು ಆಮ್ಲಜನಕವನ್ನು ಸಣ್ಣ ಗುಳ್ಳೆಗಳಾಗಿ ಹಾಯಿಸುತ್ತ ಬರುವ ವಾಹನಗಳು ಅದೇ ಆಲೋಚನೆಯ ಮುಂದುವರಿಕೆ.

ಒದ್ದೆ ಹತ್ತಿಯಲ್ಲಿ ಮಹಶೀರ್

ಕಾವೇರಿಯ ಶಿವನಸಮುದ್ರದಿಂದ ಹೊಗೇನಕಲ್‌ವರೆಗಿನ ಹರಿವು ಮಹಶೀರ್ ಮೀನಿಗೆ ಹೆಸರಾದದ್ದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಗಳ ಮೀನುಕ್ಷೇತ್ರದಲ್ಲಿ ಸಿ. ವಿ. ಕುಲಕರ್ಣಿ ಮತ್ತು ಎಸ್. ಎನ್. ಓಗಳೆ 1970ರ ದಶಕದಲ್ಲಿ ಮಹಶೀರ್ ಮರಿ ಮಾಡಿಸಿದರು. ಅದರ ಮೊಟ್ಟೆಗಳನ್ನು ಒದ್ದೆ ಹತ್ತಿಯ ಪದರಗಳ ನಡುವೆ ಇಟ್ಟು ವಿಮಾನದಲ್ಲಿ ಕಳಿಸಬಹುದೆಂದು 1979ರಲ್ಲಿ ವರದಿ ಮಾಡಿದರು. ಕಾಟ್ಲಾ, ರೋಹುಗಳ ಮೊಟ್ಟೆ ಒಂದು ದಿನ ತುಂಬುವುದರೊಳಗೆ ಒಡೆಯುತ್ತದೆ. ಮಹಶೀರ್ ಮೊಟ್ಟೆಗೆ ದಿನಗಳೇ ಬೇಕು, ಆದ್ದರಿಂದ ನೀರಿನ ಹೊರೆಯಿಲ್ಲದೆ ಪ್ರಯಾಣ ಸಾಧ್ಯವಾಯಿತು.

ಲೋನಾವಳದ ನೀಲಿ ರೆಕ್ಕೆಯ ದಖ್ಖನಿ ಮಹಶೀರ್ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಅವು ಚೆನ್ನಾಗಿ ಬದುಕಿದವು, ಹೆಚ್ಚಿದವು. ಅದೇ ಅವಧಿಯಲ್ಲಿ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸುತ್ತ ಬಂತು. 2018ರಲ್ಲಷ್ಟೇ ವಿಜ್ಞಾನಿಗಳು ಅದನ್ನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತಪಡಿಸಿದರು, ಈಗ ಅದು ತೀವ್ರ ಅಪಾಯದಂಚಿನ ಪಟ್ಟಿಯಲ್ಲಿದೆ. ಮರಿಯನ್ನು ಜೀವಂತ ತಲುಪಿಸುವುದು ಎಷ್ಟು ಮುಖ್ಯವೋ, ಯಾವ ಮರಿಯನ್ನು ಯಾವ ನೀರಿಗೆ ತಲುಪಿಸುತ್ತಿದ್ದೇವೆ ಎಂದು ತಿಳಿಯುವುದೂ ಅಷ್ಟೇ ಮುಖ್ಯ. ರೋಗದ ಮಾತೂ ಹಾಗೆಯೇ. 1988ರಲ್ಲಿ ಭಾರತವನ್ನು ಹೊಕ್ಕ ಮೀನುಹುಣ್ಣು ರೋಗದ ಬಳಿಕ, ಮರಿಯೊಡನೆ ರೋಗಾಣುವೂ ಪ್ರಯಾಣಿಸಬಲ್ಲದು ಎಂಬ ಎಚ್ಚರ ಹೆಚ್ಚಿತು.

ಹಸಿವು, ತಂಪು, ತಾಳ್ಮೆ

ಸಾಗಾಣಿಕೆಗೆ ಮುನ್ನ ಮರಿಗಳನ್ನು ಹದಗೊಳಿಸುವುದು ಈಗ ನೆಲೆಗೊಂಡ ಕ್ರಮ. ಹಾಪಾ ಎಂಬ ಬಟ್ಟೆಯ ಬಲೆತೊಟ್ಟಿಯಲ್ಲಿ ಮರಿಗಳನ್ನು ಒತ್ತೊತ್ತಾಗಿ ಕೂಡಿ, ಒಂದು ದಿನ ಮೇವಿಲ್ಲದೆ ಇಡುತ್ತಾರೆ. ಬೆರಳುದ್ದದ ಮರಿಗಳಿಗೆ ಇನ್ನೂ ಒಂದು ದಿನ ಬೇಕಾಗುತ್ತದೆ. ಇದರಿಂದ ಹೊಟ್ಟೆ ಖಾಲಿಯಾಗುತ್ತದೆ, ಇಕ್ಕಟ್ಟು ರೂಢಿಯಾಗುತ್ತದೆ, ಬಲಹೀನ ಮರಿಗಳು ಹೊರಡುವ ಮೊದಲೇ ಗುರುತು ಸಿಗುತ್ತವೆ. ಸ್ವಲ್ಪ ಉಪ್ಪು ಬೆರೆಸಿದ ನೀರು ಗಾಬರಿಗೊಂಡ ಮರಿಯ ಮೈಯ ಲವಣ ಸೋರದಂತೆ ತಡೆಯುತ್ತದೆ. ನಸುಕಿನಲ್ಲೋ ರಾತ್ರಿಯಲ್ಲೋ ಹೊರಟು, ಚೀಲಗಳನ್ನು ಒದ್ದೆ ಗೋಣಿಯಡಿ ನೆರಳಿನಲ್ಲಿಡಬೇಕು. ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನು ದಾಟಿ ಗೋಪಿನಾಥಂವರೆಗೆ ಹೋಗುವ ಚೀಲಗಳಿಗೆ ಈ ನೆರಳೇ ಅರ್ಧ ಆಯಸ್ಸು.

ಕೆರೆ ತಲುಪಿದ ಮೇಲಿನ ಅರ್ಧ ಗಂಟೆ ಬಹಳ ಸೂಕ್ಷ್ಮವಾದದ್ದು. ಕಟ್ಟಿದ ಚೀಲಗಳನ್ನು ಹಾಗೆಯೇ ಕೆರೆಯ ನೀರಿನಲ್ಲಿ 15ರಿಂದ 20 ನಿಮಿಷ ತೇಲಬಿಟ್ಟು ಬಿಸಿಯನ್ನು ಸರಿಸಮ ಮಾಡಬೇಕು. ಮುಚ್ಚಿದ ಚೀಲದಲ್ಲಿ ಕೂಡಿದ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲೀಯವಾಗಿಸಿ ಅಮೋನಿಯಾವನ್ನು ಕಡಿಮೆ ವಿಷಕಾರಿ ರೂಪದಲ್ಲಿ ಹಿಡಿದಿಟ್ಟಿರುತ್ತದೆ. ಚೀಲದ ಬಾಯಿ ತೆರೆದೊಡನೆ ಆ ಅನಿಲ ಹಾರಿಹೋಗಿ ಅಮೋನಿಯಾ ಮತ್ತೆ ವಿಷವಾಗತೊಡಗುತ್ತದೆ. ಹಾಗಾಗಿ ಬಾಯಿ ತೆರೆದ ಚೀಲವನ್ನು ಭಾಷಣ, ಛಾಯಾಚಿತ್ರಗಳಿಗಾಗಿ ದಡದಲ್ಲಿ ಕಾಯಿಸುವುದು ಮರಿಗಳ ಪ್ರಾಣಕ್ಕೆ ಸಂಚಕಾರ. ತೆರೆದ ಮೇಲೆ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಬಿಟ್ಟು, ಚೀಲವನ್ನು ವಾಲಿಸಿ, ಮರಿಗಳು ತಾವಾಗಿಯೇ ಈಜಿ ಹೊರಹೋಗುವಂತೆ ಮಾಡಬೇಕು. ದಡದ ನೀರು ಕೆಸರಾಗಿದ್ದರೆ ತೆಪ್ಪದಲ್ಲಿ ನಡುಕೆರೆಗೆ ಒಯ್ಯುವುದು ಒಳ್ಳೆಯದು.

ಇಂದಿನ ದಿಕ್ಕು

ಈಗಿನ ಒಲವು ದಾರಿಯನ್ನೇ ಎರಡಾಗಿ ಒಡೆಯುವ ಕಡೆಗಿದೆ. ಲಕ್ಷಗಟ್ಟಲೆ ಒಯ್ಯಬಹುದಾದ ಎಳೆಯ ಮರಿಯನ್ನು ದೂರದಿಂದ ತಂದು, ಕೆರೆಯ ಸಮೀಪದ ಪಾಲನಾ ಕೊಳಗಳಲ್ಲಿ ಬೆರಳುದ್ದ ಬೆಳೆಸಿ, ನೀರು ಬಂದಾಗ ಗಿಡ್ಡ ಪ್ರಯಾಣದಲ್ಲಿ ಕೆರೆಗೆ ಬಿಡುವುದು ಇದರ ಕ್ರಮ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಪಾಲನಾ ಕೊಳಗಳಿಗೂ ಸಾಗಾಣಿಕೆ ವಾಹನಗಳಿಗೂ ನೆರವು ಕೊಡುತ್ತದೆ. ಜೂನ್‌ನ ಮರಿಗೂ ಅಕ್ಟೋಬರಿನ ನೀರಿಗೂ ನಡುವೆ ಇಷ್ಟು ಅಂತರವಿರುವ ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಸೀಮೆಗೆ ಇದಕ್ಕಿಂತ ಹೊಂದುವ ದಾರಿ ಇನ್ನೊಂದಿಲ್ಲ.

ಸಾಗಾಣಿಕೆ ಗೆದ್ದಿತೇ ಎಂಬುದನ್ನು ಇಳಿಸುವಾಗ ತೇಲಿದ ಸತ್ತ ಮರಿಗಳ ಎಣಿಕೆಯಿಂದ ಮಾತ್ರ ನಿರ್ಧರಿಸಲಾಗದು. ಗಾಯದ, ದಣಿವಿನ ಸಾವು ಕೆರೆಯ ತಳದಲ್ಲಿ, ಯಾರ ಕಣ್ಣಿಗೂ ಬೀಳದೆ, ಮುಂದಿನ ಎರಡು ಮೂರು ದಿನಗಳಲ್ಲಿ ಆಗುತ್ತದೆ. ಬಿಡುವ ಮರಿಗಳಲ್ಲಿ ಒಂದಷ್ಟನ್ನು ಎಣಿಸಿ ಅದೇ ಕೆರೆಯಲ್ಲಿ ಕಟ್ಟಿದ ಹಾಪಾದಲ್ಲಿ ಎರಡು ದಿನ ಇಟ್ಟು ಮತ್ತೆ ಎಣಿಸಿದರೆ ನಿಜವಾದ ಉಳಿವು ತಿಳಿಯುತ್ತದೆ. ಮರಿಗೆ ಹಣ ತೆತ್ತು ವರ್ಷದ ಗುತ್ತಿಗೆಯನ್ನು ಅದರ ಮೇಲೆ ಹೂಡುವ ಮೀನುಗಾರ ಸಂಘಗಳು ಈ ಎರಡು ದಿನದ ಲೆಕ್ಕವನ್ನು ಕೇಳಿ ಪಡೆಯಬೇಕು. ತಪ್ಪಾದದ್ದು ಪ್ಯಾಕಿಂಗಿನಲ್ಲೋ ದಾರಿಯಲ್ಲೋ ದಡದಲ್ಲೋ ಎಂದು ತಿಳಿಯಲು ಅವರಿಗಿರುವ ಆಧಾರ ಅದೊಂದೇ.